ಆಕ್ಷೇಪಣೆ ಇಲ್ಲ

ಅವಳು ನೀರಾವರಿ ಇಲಾಖೆಯಲ್ಲಿ ಅನುವಾದಕಿ. ತಾಯಿಯ ತವರು ನದಿಯಾಚೆಯ ರಾಜ್ಯ. ಅಲ್ಲಿನ ಭಾಷೆ ಅವಳಿಗೆ ಮನೆಮಾತು. ಈಚೆಯವರು ಜಲಾಶಯ ಕಟ್ಟಲು ಹೊರಟಾಗ, ಹಿನ್ನೀರಿಗೆ ನಮ್ಮ ಊರು ಮುಳುಗುತ್ತದೆಂದು ಆಚೆಯವರು ತಕರಾರು ತೆಗೆದರು. ಆ ಊರಿನವರ ಹೇಳಿಕೆ ಪಡೆದು ತನ್ನಿ ಎಂದಿತು ನ್ಯಾಯಮಂಡಳಿ. ಅಧಿಕಾರಿಯ ಜೊತೆ ಅವಳೂ ಹೋದಳು. ಅವಳ ಚಿಕ್ಕಮ್ಮ ಇದ್ದದ್ದು ಅಲ್ಲೇ.

ಶಾಲೆಯ ಕೋಣೆಯಲ್ಲಿ ಮೊದಲು ಬಂದು ಕೂತವಳೂ ಚಿಕ್ಕಮ್ಮನೇ. ಊರಿನ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆದದ್ದರಿಂದ ಅವಳ ಮಾತಿಗೆ ತೂಕವಿತ್ತು. ಆಕ್ಷೇಪಣೆ ಇದೆಯೇ ಎಂದು ಕೇಳಿದ್ದಕ್ಕೆ, "ನೀನೇ ಬಂದು ಕೂತ ಮೇಲೆ ನಾನೇನು ಹೇಳ್ಲಿ ಮಗಳೇ?" ಎಂದಳು.

ಹೊರಗೆ ಜೀಪು ಕಾಯುತ್ತಿತ್ತು. ಅಧಿಕಾರಿ ಎರಡು ಸಲ ಗಡಿಯಾರ ನೋಡಿದ್ದರು. ಅವಳು 'ಆಕ್ಷೇಪಣೆ ಇಲ್ಲ' ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಳು. "ಅವಳು ಹೇಳಿದ್ದೇ ನಮ್ದೂ" ಎಂದು ಉಳಿದವರೂ ಒತ್ತಿ ಎದ್ದರು.

ಮೂರು ತಿಂಗಳ ಮೇಲೆ ಇಲಾಖೆಯ ವಕೀಲರು ಮಂಡಳಿಯಲ್ಲಿ ಚಿಕ್ಕಮ್ಮನ ಹೇಳಿಕೆಯನ್ನು ಓದಿದರು, ಪತ್ರಿಕೆಗಳಲ್ಲೂ ಬಂತು. ವಾರ ಕಳೆದು ತಾಯಿ ಫೋನ್ ಮಾಡಿದಳು.

"ಊರು ಮುಳುಗಿಸಿದಳು ಅಂತ ನಿನ್ನ ಚಿಕ್ಕಮ್ಮನ್ನ ಯಾರೂ ಮಾತಾಡಿಸ್ತಿಲ್ವಂತೆ. ಅವಳು ಹಾಗಂದಿದ್ಳಾ?"

"ಸರಿಯಾಗಿ ನೆನಪಿಲ್ಲಮ್ಮ."

ಬರೆದದ್ದಕ್ಕಿಂತ ಈ ಸುಳ್ಳೇ ಅವಳನ್ನು ಹೆಚ್ಚು ತಿಂದಿತು. ಮರುದಿನ ಅಧಿಕಾರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಒಂದು ಸಾಲಿಗೆ ಯಾಕಮ್ಮ ತಲೆ ಕೆಡಿಸ್ಕೋತೀರಿ? ನೀವು ನಮ್ಮ ಕಡೆಯವರಲ್ವಾ?" ಎಂದರು ಅವರು.

ಹನ್ನೊಂದು ದಿನ ಎಂದಿನಂತೆ ಕೆಲಸಕ್ಕೆ ಹೋದಳು. ಆಮೇಲೆ ತಡೆಯಲಾರದೆ ತಪ್ಪೊಪ್ಪಿಕೊಂಡು ಮಂಡಳಿಗೆ ಬರೆದಳು. ಮಂಡಳಿ ಆ ಹೇಳಿಕೆಗಳನ್ನು ರದ್ದುಮಾಡಿತು. ಇಲಾಖೆ ಅವಳನ್ನು ಹಳೆ ಕಡತಗಳ ಕೋಣೆಗೆ ತಳ್ಳಿತು. ಅವಳ ಪತ್ರದ ವಿಷಯ ತಿಳಿಯದ ಊರಿನವರು ಮಾತ್ರ, ಸಿಕ್ಕಿಬಿದ್ದ ಮೇಲೆ ಚಿಕ್ಕಮ್ಮ ಮಾತು ತಿರುಗಿಸಿದಳು ಎಂದರಂತೆ.

ಅದನ್ನು ಕೇಳಿದ ಮೇಲೆ ಅವಳು ಬಸ್ಸು ಹತ್ತಿದಳು. ಚಿಕ್ಕಮ್ಮ ಒಳಗೆ ಕರೆಯಲಿಲ್ಲ.

"ನನ್ನ ಮಾತು ನಿನಗೆ ಅರ್ಥ ಆಗಿರ್ಲಿಲ್ವಾ?"

"ಆಗಿತ್ತು ಚಿಕ್ಕಮ್ಮ, ನೀನು ಒಪ್ಪಿರ್ಲಿಲ್ಲ. ಕೆಲಸ ಬೇಗ ಮುಗೀಲಿ ಅಂತ ಹಾಗೆ ಬರೆದೆ."

ಚಿಕ್ಕಮ್ಮ ಚಪ್ಪಲಿ ಮೆಟ್ಟಿಕೊಂಡು, "ನಡಿ, ಇದನ್ನ ಪಕ್ಕದ ಮನೇಲೂ ಹೇಳು" ಎಂದಳು.

ಪಕ್ಕದ ಮನೆಯಾಕೆ ಪೂರ್ತಿ ಕೇಳಿಸಿಕೊಂಡಳು. "ಮಗಳ ಹೆರಿಗೆಗೂ ಇವಳನ್ನ ಕರೀಲಿಲ್ಲ ನಾವು" ಎಂದವಳ ದನಿ ಕುಗ್ಗಿತು. ಕುರ್ಚಿ ಎಳೆದು ಚಿಕ್ಕಮ್ಮನನ್ನು ಕೂರಿಸಿ, ಕೂಸನ್ನು ತಂದು ಮಡಿಲಿಗಿಟ್ಟಳು. ಅನುವಾದಕಿಯ ಕಡೆ ತಿರುಗಿಯೂ ನೋಡಲಿಲ್ಲ. ಇವಳು ಮುಂದಿನ ಮನೆಗೆ ಒಬ್ಬಳೇ ಹೋಗಿ ಕದ ತಟ್ಟಿದಳು.