ಹಳೆಯ ಸರ್ವರಿನ ಹನ್ನೊಂದು ನಿಮಿಷ

ಮೂರನೆಯ ಏಟು ಕಿವಿಯ ಮೇಲೆ ಬಿತ್ತು. ಉರುಳೆ ಯಂತ್ರ ನಡೆಸುವವನು ಗೋಡೆಗೆ ಬಡಿದು ಕಾಗದದ ಸುರುಳಿಗಳ ನಡುವೆ ಕುಸಿದ. ಕಾಗದ ಕಾರ್ಖಾನೆಯ ಹಿರಿಯ ಮೇಸ್ತ್ರಿ ಅವನನ್ನು ಅಂಗಿ ಹಿಡಿದು ಮತ್ತೆ ಎತ್ತಿದ.

"ಮೂರು ತಿಂಗಳು ನನ್ನ ಕಣ್ಣೆದುರಿಗೇ ಓಡಾಡ್ಕೊಂಡಿದ್ಯಲ್ಲೋ. ನನ್ನ ತಮ್ಮ ಒಳಗಿದ್ದಾಗ ಗುಂಡಿ ಒತ್ತಿ, ಆಮೇಲೆ ಅವನ ಚಟ್ಟಕ್ಕೆ ಹೆಗಲು ಬೇರೆ ಕೊಟ್ಟೆ."

"ಯಂತ್ರ ಮೊದಲೇ ಓಡ್ತಿತ್ತಣ್ಣ," ಅವನು ರಕ್ತ ಉಗಿದ. "ಅವತ್ತೂ ಅದೇ ಹೇಳ್ದೆ, ಇವತ್ತೂ ಅದೇ."

"ಹಂಗಾದ್ರೆ ಕಂಪ್ಯೂಟರು ಸುಳ್ಳು ಹೇಳುತ್ತಾ? ಅಗೋ, ನೀನು ಅತ್ತಿಗೆ ಅಂತ ಕರೆಯೋಳೇ ನಿಂತಿದ್ದಾಳೆ, ಕೇಳು."

ಮೇಸ್ತ್ರಿಯ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು; ಕಾರ್ಖಾನೆಯ ಕಂಪ್ಯೂಟರು ಕೆಲಸ ಅವಳದು. ಯಂತ್ರದ ಗುಂಡಿ ಯಾವಾಗ ಒತ್ತಿದರು, ಕರೆಂಟು ಯಾವಾಗ ಹೋಯಿತು ಎಂದು ಹದಿನೈದು ವರ್ಷಗಳಿಂದ ಬರೆದಿಟ್ಟುಕೊಂಡು ಬಂದದ್ದು ಮೂಲೆಯ ಹಳೆಯ ಸರ್ವರು. ಕರೆಂಟಿನ ಜೊತೆಗೆ ಯಂತ್ರದ ಸುತ್ತಲಿನ ಬೇಲಿಯ ಬಾಗಿಲು ಯಾವಾಗ ತೆರೆಯಿತು ಎಂದೂ ಬರೆಯುವುದು ಹೊಸ ವ್ಯವಸ್ಥೆ. ಎರಡನ್ನೂ ಒಂದೇ ಪರದೆಗೆ ತರಬೇಕೆಂದು ಮೇಲಿನವರು ಹೇಳಿದ್ದರು. ಎರಡು ತಿಂಗಳು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಸಾಲು ಸಾಲನ್ನೂ ಹಸನು ಮಾಡಿ ತಂದಿದ್ದಳು. ಇವತ್ತು ಬೆಳಿಗ್ಗೆ ಪರದೆ ಹೇಳಿತ್ತು: ಮೈದುನ ಬಾಗಿಲು ದಾಟಿದ್ದು ಹತ್ತು ಇಪ್ಪತ್ತಕ್ಕೆ, ಯಂತ್ರ ಹೊರಟದ್ದು ಹತ್ತು ಇಪ್ಪತ್ನಾಲ್ಕಕ್ಕೆ. ತಾನೇ ಎತ್ತಿ ಆಡಿಸಿದ ಮೈದುನ. ಅವಳು ಮತ್ತೊಮ್ಮೆ ನೋಡಲಿಲ್ಲ, ನೇರವಾಗಿ ಗಂಡನನ್ನು ಕರೆದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಅತ್ತಿಗೆ," ಎಂದ ಕೆಳಗೆ ಬಿದ್ದವನು, "ಆ ಹಳೇ ಡಬ್ಬದ ಗಡಿಯಾರ ಮುಂದೆ ಓಡುತ್ತೆ. ಅದನ್ನ ನಂಬಿ ಬೇಗ ಊಟಕ್ಕೆ ಹೋಗಿ ನಾವೆಲ್ಲ ಎಷ್ಟು ಸಲ ಬೈಸ್ಕೊಂಡಿದ್ದೀವಿ. ನಿಮಗ್ಯಾರೂ ಹೇಳ್ಲಿಲ್ವ?"

ಯಾರೂ ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ.

ಗಂಡ ಕಬ್ಬಿಣದ ಸಲಾಕೆ ಎತ್ತಿಕೊಂಡ. "ಐದು ನಿಮಿಷ ತಡೀರಿ," ಎಂದಳು.

"ಐದು ನಿಮಿಷಕ್ಕೆ ನನ್ನ ತಮ್ಮ ಎದ್ದು ಬರ್ತಾನಾ?" ಎಂದ. ಆದರೂ ಆ ಮನುಷ್ಯನನ್ನು ಉಪಕರಣದ ಕೋಣೆಗೆ ಒದ್ದು ಹಾಕಿ ಚಿಲಕ ಹಾಕಿದ. "ಓಡು. ನೋಡ್ಕೊಂಡು ಬಾ."

ಅವಳು ಮೇಜಿಗೆ ಓಡಿದಳು. ಕರೆಂಟು ಹೋದದ್ದನ್ನು ಎರಡೂ ಬರೆದಿರುತ್ತವೆ. ಸಾವಿನ ಹಿಂದಿನ ದಿನ ಹೊಸದು ಮೂರು ಗಂಟೆ ಎಂದರೆ ಹಳೆಯದು ಮೂರು ಹನ್ನೊಂದು ಎಂದಿತ್ತು. ಅದರ ಹಿಂದಿನ ವಾರವೂ ಹನ್ನೊಂದೇ ನಿಮಿಷ ಮುಂದೆ. ಅಷ್ಟನ್ನೂ ಕಳೆದಾಗ ಪರದೆಯ ಗೆರೆ ಹಿಂದಕ್ಕೆ ಸರಿಯಿತು. ಮೈದುನ ಕಾಲಿಡುವ ಏಳು ನಿಮಿಷ ಮೊದಲೇ ಯಂತ್ರ ಓಡುತ್ತಿತ್ತು.

ಅಂದರೆ ಓಡುವ ಉರುಳೆಗೆ ಸಿಕ್ಕಿಕೊಂಡ ಕಾಗದ ಎಳೆಯಲು ತಾನಾಗೇ ಹೋಗಿದ್ದಾನೆ. ಊಟಕ್ಕೆ ಕೂತಾಗ ಗಂಡ ತನ್ನ ತಮ್ಮನಿಗೆ ಹೇಳುತ್ತಿದ್ದ ಮಾತು ಅವಳಿಗೆ ಕೇಳಿದಂತಾಯಿತು: "ನಿಲ್ಲಿಸಿದ್ರೆ ಅರ್ಧ ಗಂಟೆ ಹಾಳು ಕಣೋ. ಓಡ್ತಿರುವಾಗ್ಲೇ ಎಳೆದುಬಿಡೋದು. ಹದಿನೆಂಟು ವರ್ಷ ನಾನು ಎಳೆದಿಲ್ವ?"

ಅವಳು ಬರುವಷ್ಟರಲ್ಲಿ ಚಿಲಕ ತೆಗೆದಿತ್ತು. ಒಳಗಿದ್ದವನು ಮೊಣಕಾಲೂರಿದ್ದ, ಒಂದು ಕಣ್ಣು ಮುಚ್ಚಿಹೋಗಿತ್ತು. ಸಲಾಕೆ ಮೇಲೆದ್ದಿತ್ತು. ಅವಳು ನಡುವೆ ನುಗ್ಗಿದಳು.

"ಇವನಲ್ಲ ರೀ. ತಪ್ಪು ನಂದು. ಯಂತ್ರ ಓಡ್ತಾನೇ ಇತ್ತು."

"ಅಂದ್ರೆ ನನ್ನ ತಮ್ಮ ತಾನಾಗೇ ಕೈ ಹಾಕ್ದ ಅಂತೀಯ?"

ಅವಳು ಅವನ ಮುಖವನ್ನೇ ನೋಡಿದಳು.

"ನೋಡಬೇಡ ಹಂಗೆ," ಎಂದು ಅವನು ಬೀಸಿದ. ಅವಳು ಅಡ್ಡ ಹಿಡಿದ ಮುಂಗೈ ಮುರಿದ ಸದ್ದು ಮೂವರಿಗೂ ಕೇಳಿಸಿತು. ಅವಳ ಕಣ್ಣು ಕತ್ತಲಿಟ್ಟಿತು, ಕಾಲು ಮಾತ್ರ ಕದಲಲಿಲ್ಲ.

"ಇನ್ನೊಂದು ಹೊಡೀರಿ," ಎಂದಳು. "ಇವನನ್ನ ಮಾತ್ರ ಮುಟ್ಟಬೇಡಿ."

ಸಲಾಕೆ ನೆಲಕ್ಕೆ ಬಿತ್ತು. ಗಂಡ ತಿರುಗಿ, ಓಡುತ್ತಲೇ ಇದ್ದ ಯಂತ್ರದ ಕಡೆಗೆ ನಡೆದ. ತೆರೆದ ಬಾಗಿಲಿನಿಂದ ಅವಳಿಗೆ ಕಾಣುತ್ತಿತ್ತು. ನಿಲ್ಲಿಸುವ ಗುಂಡಿ ಒತ್ತಿ ಅವನು ಕಾದು ನಿಂತ. ಉರುಳೆಗಳು ನಿಧಾನವಾಗುತ್ತ ನಿಧಾನವಾಗುತ್ತ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಪೂರ್ತಿ ನಿಂತ ಮೇಲೆ ಅವನು ಅಂಗೈಯನ್ನು ಉರುಳೆಯ ಮೇಲಿಟ್ಟ. ಇಟ್ಟವನು ತೆಗೆಯಲಿಲ್ಲ.