ಹೋಲ್ಡ್ ಫೋಲ್ಡರಿಗೆ ಹಾಕದ ಬೀಗ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಡೂರಿನ ನನ್ನ ಅಂಗಡಿಗೆ ಒಮ್ಮೆ ಬಂದವರಿಗೆಲ್ಲ ಇದು ಗೊತ್ತು. ಫ್ಲೆಕ್ಸು, ಲಗ್ನಪತ್ರಿಕೆ ಮಾಡಿಕೊಡುವ ಅಂಗಡಿ. ಕೌಂಟರಿನಲ್ಲಿ ನಾನು, ಒಳಕೋಣೆಯಲ್ಲಿ ಡಿಸೈನ್ ಮಾಡುವ ಬಿಲಾಲ್, ಹಿಂದುಗಡೆ ಪ್ರಿಂಟಿಂಗ್ ಮೆಷಿನ್. ಮೂರು ಕಡೆಯೂ ಒಂದೊಂದು ಕಂಪ್ಯೂಟರ್. ಇಷ್ಟು ವರ್ಷ ಫೈಲುಗಳು ಪೆನ್‌ಡ್ರೈವಿನಲ್ಲೇ ಓಡಾಡುತ್ತಿದ್ದವು. ತಿದ್ದಿದ ಫೈಲು ಒಂದು, ಮೆಷಿನ್ನಿಗೆ ಹೋಗುವುದು ಇನ್ನೊಂದು. ಹೋದ ತಿಂಗಳು ಮದುವೆ ಫ್ಲೆಕ್ಸಿನಲ್ಲಿ ಗಂಡಿನ ಹೆಸರಿನ ಜಾಗದಲ್ಲಿ ಅವನ ಭಾವನ ಹೆಸರು ಬಂದು, ಹೆಣ್ಣಿನ ಕಡೆಯವರು ಅಂಗಡಿ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು ಹೋದರು. ಈ ಪೆನ್‌ಡ್ರೈವಿನ ಸಹವಾಸ ಸಾಕೆಂದು ಅವತ್ತೇ ತೀರ್ಮಾನ ಮಾಡಿದೆ.

ಮೂಲೆ ಸೇರಿದ್ದ ಹಳೇ ಕಂಪ್ಯೂಟರಿಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಿಸಿ ಅದನ್ನೇ ಸರ್ವರ್ ಮಾಡಲು ಕೂತೆ. ಎಲ್ಲ ಫೈಲೂ ಅದರಲ್ಲಿರಬೇಕು, ಮೂರು ಕಂಪ್ಯೂಟರಿಗೂ ಅಲ್ಲಿಂದಲೇ ಸಿಗಬೇಕು. ಯಾರನ್ನೂ ಕರೆಸಲಿಲ್ಲ. ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು ನಾನೇ ಮಾಡಿಬಿಡುತ್ತೇನೆಂಬ ಜಂಬ. ಬಿಲಾಲ್ ಕೇಳಿದ್ದು ಒಂದೇ ಮಾತು.

"ಸೌಮ್ಯಕ್ಕ, ಹೋಲ್ಡ್ ಫೋಲ್ಡರ್ ಮಾತ್ರ ಕೌಂಟರಲ್ಲಿ ಕಾಣದಂಗೆ ಮಾಡಿ. ಅಲ್ಲಿ ಗಿರಾಕಿಗಳು ಕೂತಿರ್ತಾರೆ."

ಹೋಲ್ಡ್ ಅಂದರೆ ಏನೆಂದು ಹೇಳಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಬೆಳಗಾಗುವುದರೊಳಗೆ ಊರಬಾಗಿಲಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಂತಿರಬೇಕು. ತಡವಾದರೆ, ಮನೆಯವರಿಗೆ ಅಷ್ಟೂ ಕಾಳಜಿ ಇಲ್ಲವಾ ಎಂದು ಜನ ಆಡಿಕೊಳ್ಳುತ್ತಾರೆ. ಹಾಗಾಗಿ ಡಾಕ್ಟರು ಕೈಚೆಲ್ಲಿದ ಕೂಡಲೇ ಮನೆಯವರಲ್ಲಿ ಯಾರಾದರೊಬ್ಬರು ಗುಟ್ಟಾಗಿ ಫೋಟೊ ಕಳಿಸಿಬಿಡುತ್ತಾರೆ. ನಾವು ಹಾರ, ದೀಪ ಎಲ್ಲ ಇಟ್ಟು, ತಾರೀಖಿನ ಜಾಗ ಖಾಲಿ ಬಿಟ್ಟು, ಹೋಲ್ಡ್ ಫೋಲ್ಡರಿನಲ್ಲಿ ಇಟ್ಟಿರುತ್ತೇವೆ. ಆಸ್ಪತ್ರೆಯಿಂದ ಗುಣವಾಗಿ ಬಂದವರದ್ದನ್ನು ಅಳಿಸುತ್ತೇವೆ, ನೆನಪಾದರೆ.

ಬಿಲಾಲ್ ಹೇಳಿದಂತೆ ಮಾಡಲು ಹೊರಟಿದ್ದೆ. ಒಂದೊಂದು ಕಂಪ್ಯೂಟರಿಗೆ ಒಂದೊಂದು ಲಾಗಿನ್ ಹೆಸರು, ಪಾಸ್‌ವರ್ಡ್ ಕೊಟ್ಟೆ. ಹಾಳಾದ ಕೌಂಟರ್ ಕಂಪ್ಯೂಟರ್ ಏನು ಕೊಟ್ಟರೂ ತಪ್ಪು ಅನ್ನುತ್ತಿತ್ತು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ತಲೆ ಕೆಟ್ಟು, ಎಲ್ಲರಿಗೂ ಎಲ್ಲವೂ ಕಾಣಲಿ ಎಂದು ಪರ್ಮಿಷನ್ ಕೊಟ್ಟುಬಿಟ್ಟೆ. ಬಿಲಾಲ್ ಮತ್ತೆ ನೆನಪಿಸಿದಾಗ, ಇಡೀ ತಾಲೂಕಿನ ಗುಟ್ಟು ನಿನ್ನ ಫೋಲ್ಡರಲ್ಲೇ ಇದೆಯೇನೋ ಮಾರಾಯ ಎಂದು ರೇಗಿಸಿದೆ.

ಆ ವಾರವೇ ಪಂಚನಹಳ್ಳಿಯ ಕೊಬ್ಬರಿ ವ್ಯಾಪಾರಿ ದೇವೀರಪ್ಪನವರು ಹೆಂಡತಿ ಶಕುಂತಲಮ್ಮನವರನ್ನು ಕರೆದುಕೊಂಡು ಬಂದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಸತ್ತು ಬದುಕಿದ ಮನುಷ್ಯ. ಅಂಗಿ ಮೈಮೇಲೆ ಜೋಲುತ್ತಿತ್ತು, ಮುಖದಲ್ಲಿ ಮಾತ್ರ ಕಳೆ ಇತ್ತು. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಕಾರ್ಡು ಬೇಕಿತ್ತು. ನಾನು ಕಂಪ್ಯೂಟರನ್ನು ಅವರ ಕಡೆಗೇ ತಿರುಗಿಸಿ, ಹೊಸ ಸರ್ವರ್ ಹಾಕಿದ್ದೀನಿ, ಅಂಗಡಿಯ ಡಿಸೈನೆಲ್ಲ ಇಲ್ಲೇ ಇದೆ, ನೀವೇ ನೋಡಿ ಆರಿಸಿಕೊಳ್ಳಿ ಎಂದು ಮೌಸ್ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಒಂದೊಂದೇ ಫೋಲ್ಡರ್ ಒತ್ತುತ್ತಾ ಹೋದರು. ನಾನು ಯಾರ ಜೊತೆಗೋ ಫೋನಿನಲ್ಲಿ ಮಾತಾಡುತ್ತಿದ್ದೆ.

ಶಕುಂತಲಮ್ಮ ಜೋರಾಗಿ ಉಸಿರೆಳೆದುಕೊಂಡಂತಾಯಿತು, ತಿರುಗಿ ನೋಡಿದೆ. ಪರದೆಯ ತುಂಬ ದೇವೀರಪ್ಪನವರ ಮುಖ, ಸುತ್ತ ಹಾರ, ಎರಡು ಕಡೆ ದೀಪ, ಕೆಳಗೆ "ಮತ್ತೆ ಹುಟ್ಟಿ ಬನ್ನಿ". ಕೆಮ್ಮಣ್ಣುಗುಂಡಿಗೆ ಹೋದಾಗ ತೆಗೆಸಿಕೊಂಡ ಜೋಡಿ ಫೋಟೊ ಅದು. ಪಕ್ಕದ ಶಕುಂತಲಮ್ಮನವರನ್ನು ಕತ್ತರಿಸಿದ್ದರೂ ಅವರ ಸೆರಗಿನ ಅಂಚು ಗಂಡನ ಭುಜದ ಹತ್ತಿರ ಹಾಗೇ ಉಳಿದಿತ್ತು.

ದೇವೀರಪ್ಪನವರು ಅದನ್ನು ಪೂರ್ತಿ ಓದಿದರು. ಆಮೇಲೆ ಕೇಳಿದರು, "ಇದನ್ನ ಯಾರಮ್ಮ ಮಾಡ್ಸಿದ್ದು?"

ಫೋಟೊ ಕಳಿಸಿದ್ದು ಶಕುಂತಲಮ್ಮನವರೇ. ಆಸ್ಪತ್ರೆಯಿಂದ ಫೋನ್ ಮಾಡಿ, ಗಂಡುಮಕ್ಕಳಿಗೆ ಏನೂ ತೋಚುತ್ತಿಲ್ಲ, ಹೋದರೆ ಮರ್ಯಾದೆಯಿಂದ ಕಳಿಸಿಕೊಡಬೇಕು, ಇದು ನಿನ್ನಲ್ಲೇ ಇರಲಿ ಮಗಳೇ ಎಂದು ಅತ್ತಿದ್ದರು. ಈಗ ನನ್ನನ್ನೇ ನೋಡುತ್ತಿದ್ದರು. ತಾನು ಉಸಿರಿಗೆ ಒದ್ದಾಡುವಾಗ ಹೆಂಡತಿ ಫೋಟೊ ಆರಿಸುತ್ತಿದ್ದಳು ಎಂದು ಗೊತ್ತಾದರೆ ಆ ಮನುಷ್ಯ ಇನ್ನು ಅವಳ ಕೈಯಿಂದ ಒಂದು ಲೋಟ ನೀರನ್ನಾದರೂ ನೆಮ್ಮದಿಯಿಂದ ಕುಡಿದಾನೇ? ಆಕೆಯನ್ನು ಉಳಿಸಲೇಬೇಕಿತ್ತು.

"ಬಿಲಾಲ್ ಮಾಡಿದ್ದು," ಎಂದೆ. ಯಾರೋ ಹೇಳಿದ ಸುದ್ದಿ ನಂಬಿ, ಶಕುಂತಲಮ್ಮನವರ ವಾಟ್ಸಾಪ್ ಸ್ಟೇಟಸ್ಸಿನಿಂದ ಫೋಟೊ ತೆಗೆದುಕೊಂಡು ತಾನಾಗಿ ಮಾಡಿಟ್ಟಿದ್ದಾನೆ, ನನಗೂ ಈಗಲೇ ಗೊತ್ತಾಗಿದ್ದು ಎಂದೂ ಸೇರಿಸಿದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನ್ನ ನಾಲಿಗೆಗೆ ನಾಚಿಕೆಯೇ ಇರಲಿಲ್ಲ.

ಒಳಕೋಣೆಯಿಂದ ಬಿಲಾಲ್ ಬಾಗಿಲಿಗೆ ಬಂದ. ಫೋಟೊ ಕಳಿಸಿದ್ದು ಯಾರೆಂದು ಅವನಿಗೂ ಗೊತ್ತು. ಶಕುಂತಲಮ್ಮನವರನ್ನು ನೋಡಿದ, ನನ್ನನ್ನು ನೋಡಿದ.

"ಹೌದು ಯಜಮಾನ್ರೇ. ನಂದೇ ತಪ್ಪು."

ದೇವೀರಪ್ಪನವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನನ್ನ ಹೆಸರು ಹೇಳಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದರು, ಬಿಲಾಲ್ ಅಂದ ತಕ್ಷಣ ನಂಬಿಬಿಟ್ಟರು. ನಂಬುತ್ತಾರೆಂದು ನನಗೂ ಗೊತ್ತಿತ್ತಲ್ಲ, ಅದಕ್ಕೇ ಅವನ ಹೆಸರು ಬಾಯಿಗೆ ಬಂದದ್ದು.

"ಕಾರ್ಡು ನಿನ್ ಹತ್ರಾನೇ ಮಾಡಿಸ್ತೀನಿ ಕಣಮ್ಮ. ಇವನ ಕೈ ಮಾತ್ರ ಸೋಕಬಾರ್ದು. ಕೂಸಿನ ಕಾರ್ಯ."

ಆಯ್ತು ಎಂದೆ, ಬಿಲಾಲ್ ಅಲ್ಲೇ ನಿಂತಿದ್ದಾಗಲೇ. ಶಕುಂತಲಮ್ಮ ನೆಲ ನೋಡುತ್ತಾ ಗಂಡನ ಹಿಂದೆ ಮೆಟ್ಟಿಲಿಳಿದರು.

ಅವರು ಹೋದ ಮೇಲೆ ಆ ಫೈಲನ್ನು ಅಳಿಸಿ, ಹೋಲ್ಡ್ ಫೋಲ್ಡರನ್ನು ಕೌಂಟರಿನಿಂದ ಮರೆಮಾಡಿದೆ. ನೋಡಿದರೆ, ಅವತ್ತು ಕೌಂಟರಿನ ಲಾಗಿನ್ ಹೆಸರನ್ನೇ ನಾನು ತಪ್ಪಾಗಿ ಟೈಪ್ ಮಾಡಿದ್ದೆ, ತಿದ್ದಿದ ಕೂಡಲೇ ಸರಿಹೋಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದರಂತೆ.

"ನಿಮ್ಮ ಹೆಸರು ಹೇಳ್ಬೋದಿತ್ತಲ್ಲ ಅಕ್ಕ," ಎಂದ ಬಿಲಾಲ್. ದನಿಯಲ್ಲಿ ಸಿಟ್ಟಿರಲಿಲ್ಲ. ನಾಳೆಯೇ ಪಂಚನಹಳ್ಳಿಗೆ ಹೋಗಿ, ಮಾಡಿದ್ದು ನಾನೇ ಎಂದು ಹೇಳಿ ಬರುತ್ತೇನೆ ಎಂದೆ.

"ಈಗ ಹೋದ್ರೆ, ನನ್ನನ್ನ ಉಳಿಸೋಕೆ ಸುಳ್ಳು ಹೇಳ್ತಿದೀರ ಅಂತಾರೆ. ಬಿಡಿ."

ಕಾರ್ಡು ಮಾಡಬೇಕಿತ್ತು. ನನಗೆ ಡಿಸೈನ್ ಬರುವುದಿಲ್ಲ. ನೀನೇ ಮಾಡಿಬಿಡೋ, ಯಾರು ನೋಡುತ್ತಾರೆ ಎಂದೆ. ಮಾತು ಕೊಟ್ಟಿದ್ದೀರಲ್ಲ ಅಕ್ಕ ಎಂದು ತನ್ನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ತೊಟ್ಟಿಲು ಎಲ್ಲಿ ಬರಬೇಕು, ಕೂಸಿನ ಹೆಸರು ಯಾವ ಬಣ್ಣದಲ್ಲಿರಬೇಕು ಎಂದು ಬಾಯಲ್ಲೇ ಹೇಳುತ್ತಾ ಹೋದ. ಅಭ್ಯಾಸವಿಲ್ಲದ ನನ್ನ ಕೈಯಲ್ಲಿ ಮೌಸ್ ಎಲ್ಲೆಲ್ಲೋ ಹೋಗುತ್ತಿತ್ತು. ಅವನು ಕಾದ. ಒಮ್ಮೆಯೂ ಕೈ ಮುಂದೆ ತರಲಿಲ್ಲ.

"ಅಜ್ಜನ ಹೆಸರು ಇನ್ನೊಂಚೂರು ದಪ್ಪ ಮಾಡಿ ಅಕ್ಕ," ಎಂದ ಕೊನೆಗೆ. "ಅವರಿಗೆ ಸಂತೋಷ ಆಗುತ್ತೆ."

ದೇವೀರಪ್ಪನವರ ಹೆಸರನ್ನು ದಪ್ಪ ಮಾಡಿದೆ. ಹಿಂದೆ ತಿರುಗಿ ಅವನ ಮುಖ ನೋಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ.