ಜಿಲಾನಿಯ ತಟ್ಟೆ

“ಚಪ್ಪಲಿ ಬಿಡಬೇಕೇನೋ ಇಲ್ಲಿ?”

ಇಮಾಮಬಿ ಕೇಳಿದಾಗ ಯುನುಸ ಕತ್ತೆತ್ತಿ ನೋಡಿದ. ತಿಕೋಟಾದ ಆ ಶಾಲೆಯ ಮೈದಾನದಲ್ಲಿ, ಸಿಮೆಂಟಿನ ಕಂಬದ ಮೇಲೆ, ಹಳೆಯ ಯುದ್ಧವಿಮಾನವೊಂದು ಮೂತಿ ಮೇಲೆತ್ತಿ ನಿಂತಿತ್ತು. ದರ್ಗಾ ಆದರೆ ಚಪ್ಪಲಿ ಬಿಡಬೇಕು, ಬಸ್ ಸ್ಟ್ಯಾಂಡ್ ಆದರೆ ಬೇಡ. ಇದು ಯಾವುದಕ್ಕೆ ಸೇರಿತು?

“ಬ್ಯಾಡ ಬಡೇಮಾ. ಮುಳ್ಳ ಅದಾವ.”

ಅವಳು ಆಗಲೇ ಒಂದು ಕಾಲಿನದು ಬಿಟ್ಟಿದ್ದಳು. ಮತ್ತೆ ಹಾಕಿಕೊಂಡಳು.

ಬಡೇಮಾ ಎಂದರೆ ದೊಡ್ಡಪ್ಪನ ಹೆಂಡತಿ. ದೊಡ್ಡಪ್ಪ ಜಿಲಾನಿ ಎಪ್ಪತ್ತೊಂದರ ಯುದ್ಧದಲ್ಲಿ ಇಂಥದೇ ವಿಮಾನ ಹಾರಿಸಿಕೊಂಡು ಗಡಿ ದಾಟಿ ಹೋದವನು ತಿರುಗಿ ಬರಲಿಲ್ಲ. ಬಿದ್ದದ್ದನ್ನು ಕಂಡವರಿಲ್ಲ, ಹೂಳಿದ್ದನ್ನು ಕಂಡವರಿಲ್ಲ. ಕಾಣೆಯಾಗಿದ್ದಾನೆ ಎಂದರು. ಬಿಜ್ಜರಗಿಯಿಂದ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರದ ಇಮಾಮಬಿ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಗಂಡ ತೀರಿದವಳು ಮನೆಯಿಂದ ಹೊರಬೀಳದೆ ಕೂಡುವ ಇದ್ದತ್ತಿಗೆ ಅವಳು ಕೂಡಲಿಲ್ಲ. ಕರಿಮಣಿ ತೆಗೆಯಲಿಲ್ಲ. ತವರಿನವರು ಕರೆದರೂ ಹೋಗಲಿಲ್ಲ. ಮೈದುನನ ಮನೆಯಲ್ಲೇ ಉಳಿದು, ಅವನ ಮಗ ಯುನುಸನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದಳು.

ಆ ಯುನುಸ ಈಗ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಮೇಲೆ ಎಸೆದದ್ದು ಕೆಳಗೆ ಬೀಳಲೇಬೇಕು ಎಂದು ವರ್ಷಾ ವರ್ಷಾ ಹುಡುಗರಿಗೆ ಹೇಳಿ ಸಂಜೆ ಮನೆಗೆ ಬರುತ್ತಾನೆ. ಮನೆಯ ಗೋಡೆಯ ಮೇಲೆ ಬೀಳದವನೊಬ್ಬ ಚೌಕಟ್ಟಿನೊಳಗಿಂದ ನಗುತ್ತಾನೆ. ಚಿಕ್ಕಂದಿನಲ್ಲಿ ಆ ಪಟದವನಂತೆ ಆಗಬೇಕೆಂದು ಎಲ್ಲರೂ ಯುನುಸನಿಗೆ ಹೇಳಿದ್ದರು. ಆಗಲಿಲ್ಲ. ಈಗ ಪಟದ ದೊಡ್ಡಪ್ಪ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನನ್ನು ಯುನುಸ ಪ್ರೀತಿಸುತ್ತಿದ್ದನೋ, ಅವನ ಮೇಲೆ ಹೊಟ್ಟೆಕಿಚ್ಚೋ, ಯೋಚಿಸಿದಷ್ಟೂ ಗೊಂದಲವಾಗುತ್ತಿತ್ತು. ಬಡೇಮಾಳನ್ನು ಪ್ರೀತಿಸುತ್ತಿದ್ದದ್ದು ಮಾತ್ರ ನಿಜ.

“ಇದ ಅವರದೇನು?” ಗಂಡನ ಹೆಸರನ್ನು ಇಮಾಮಬಿ ಇಂದಿಗೂ ಬಾಯಿಬಿಟ್ಟು ಹೇಳಿದವಳಲ್ಲ.

“ಅಲ್ಲ. ಅಂಥಾದ್ದು.”

“ಅಂಥಾದ್ದು,” ಎಂದು ಅವಳು ಕಂಬವನ್ನು ಅಂಗೈಯಿಂದ ಸವರಿದಳು. ವಿಮಾನ ಕೈಗೆ ಎಟುಕುವಷ್ಟು ಕೆಳಗಿರಲಿಲ್ಲ. “ಒಳಗ ಯಾರಾದ್ರೂ ಅದಾರೇನ?”

ವಿಮಾನದ ಉದ್ಘಾಟನೆಗೆ ಇವರಿಬ್ಬರನ್ನೂ ಕರೆಸಿದ್ದ ಶಾಲೆಯ ಚೇರಮನ್ ಸಂಗನಬಸವ ಪಕ್ಕದಲ್ಲೇ ಇದ್ದರು. ಹೊಸ ಜಾಕೀಟು, ಎದೆಯ ಮೇಲೆ ಬಿಲ್ಲೆ. ಮಗಳ ಮದುವೆಯ ಹಂದರದಲ್ಲಿ ಓಡಾಡುವವರಂತೆ ಓಡಾಡುತ್ತಿದ್ದರು. “ಪೂರಾ ಖಾಲಿ ಐತ್ರಿ ಅಮ್ಮಾರ. ಎಂಜಿನ್ ಸೈತ ತಗದ ಕೊಟ್ಟಾರ. ಇಲ್ಲಂದ್ರ ನಮ್ಮ ಕಂಬ ತಡೀತಿತ್ತೇನ್ರಿ?”

“ಹಗರ ಆಗೈತಿ ಹಂಗಾರ,” ಎಂದಳು ಇಮಾಮಬಿ. “ಪಾಪ.”

ಪೈಲಟ್ ಕೂಡುವ ಕಡೆಯ ಗಾಜಿಗೂ ಬಣ್ಣ ಬಳಿದುಬಿಟ್ಟಿದ್ದರು. ಒಳಗಿನಿಂದ ಹೊರಗೆ ಕಾಣುವಂತಿರಲಿಲ್ಲ. ಒಳಗೆ ಯಾರೂ ಇಲ್ಲವಲ್ಲ, ಕಂಡು ಯಾರಿಗೇನಾಗಬೇಕು ಎಂದುಕೊಂಡ ಯುನುಸ. ಆದರೂ ಆ ಗಾಜಿನಿಂದ ಕಣ್ಣು ಕೀಳಲಿಲ್ಲ.

ಶಾಮಿಯಾನದ ಬ್ಯಾನರಿನಲ್ಲಿ ‘ಹುತಾತ್ಮ ಜಿಲಾನಿ’ ಎಂದು ಬರೆದಿತ್ತು. ಬಡೇಮಾಳಿಗೆ ಓದು ಬಾರದು ಎಂಬುದು ಅವನಿಗೆ ಆ ಹೊತ್ತಿಗೆ ಅನುಕೂಲವಾಗಿ ಕಂಡಿತು. ಹಾಗೆ ಕಂಡದ್ದಕ್ಕೆ ನಾಚಿಕೆಯೂ ಆಯಿತು. ಮಾತಾಡಲು ಕರೆದಾಗ ಹೇಳಲೆಂದು ಅವನು ಮನಸ್ಸಿನಲ್ಲೇ ಎರಡು ವಾಕ್ಯ ಜೋಡಿಸಿಕೊಂಡಿದ್ದ. ಎರಡರಲ್ಲೂ ‘ಕಾಣೆಯಾದ’ ಎಂದೇ ಇತ್ತು. ಅವನು ವೇದಿಕೆ ಹತ್ತಿ ನಿಂತಾಗ ಮೈಕು ಒಮ್ಮೆ ಕಿರುಚಿತು. ಮಕ್ಕಳು ಬಿಸಿಲಲ್ಲಿ ಸಾಲಾಗಿ ಕೂತಿದ್ದರು. ಎಲ್ಲರೂ ಏನೋ ಒಂದು ದೊಡ್ಡ ಮಾತಿಗೆ ಕಾಯುತ್ತಿದ್ದರು. ಕಾಣೆಯಾದವನಿಗೆ ಯಾರು ಚಪ್ಪಾಳೆ ಹೊಡೆಯುತ್ತಾರೆ?

“ನಮ್ಮ ದೊಡ್ಡಪ್ಪ ಶಹೀದರಾದರು,” ಎಂದುಬಿಟ್ಟ.

ಚಪ್ಪಾಳೆ ಬಿತ್ತು. ಐವತ್ತು ವರ್ಷದಲ್ಲಿ ಮನೆಯ ಯಾರೂ ಆಡದ ಮಾತು ತಿಕೋಟಾದ ಬಯಲಿನಲ್ಲಿ ಧ್ವನಿವರ್ಧಕದಿಂದ ಹೊರಬಿದ್ದಿತ್ತು. ಯುನುಸ ಮೊದಲ ಸಾಲಿನತ್ತ ನೋಡಿದ. ಇಮಾಮಬಿ ಅತ್ತಿತ್ತ ನೋಡಿ, ಎಲ್ಲರೂ ಬಡಿಯುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡು, ತಾನೂ ಮೆಲ್ಲಗೆ ಕೈ ಬಡಿದಳು. ಸಂಗನಬಸವ ಶಾಲು ಹೊದಿಸಿದರು.

ಮುಗಿದ ಮೇಲೆ ಅವಳನ್ನು ಕಾರಿನಲ್ಲಿ ಕೂಡಿಸಿಕೊಂಡು ಮನೆಯತ್ತ ಹೊರಟ. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟಗಳು, ಒಣದ್ರಾಕ್ಷಿಯ ಶೆಡ್ಡುಗಳು ಹಿಂದೆ ಸರಿದವು.

“ಬಡೇಮಾ, ನಾ ಅಲ್ಲಿ...”

“ಆ ಮೈಕ ಭಾಳ ಜೋರ ಇತ್ತು,” ಎಂದಳು ಅವಳು. “ಕಿವಿ ಗುಂಯ್ ಅನ್ನಾಕತ್ತಾವ.”

ಕಿಟಕಿಯ ಗಾಜು ಏರಿಸಿದ. ಅಷ್ಟೇ ಅವನಿಂದಾದದ್ದು.

ಅಂದು ಶಬೇ ಬರಾತ್. ತೀರಿಹೋದವರ ಹೆಸರಿಗೆ ಫಾತೆಹಾ ಓದುವ ದಿನ. ಇಬ್ರಾಹಿಂಪುರದ ಮನೆಯಲ್ಲಿ ಯುನುಸನ ಹೆಂಡತಿ ಯಾಸ್ಮೀನ ಆಗಲೇ ಹಲ್ವಾ ತಿರುವಿ ಇಳಿಸಿದ್ದಳು. ತುಪ್ಪದ ಘಮ ಬಾಗಿಲ ತನಕ ಬಂದಿತ್ತು.

ಈ ಮನೆಯ ಪದ್ಧತಿಯೇ ಬೇರೆ. ತೀರಿದ ಒಬ್ಬೊಬ್ಬರಿಗೂ ಒಂದೊಂದು ತಟ್ಟೆ: ಅಜ್ಜನದು, ಅಜ್ಜಿಯದು, ಯುನುಸನ ಅಪ್ಪ ಬಂದೇನವಾಜನದು. ಅವನ್ನು ಚಾಪೆಯ ಮೇಲೆ ಊದಿನ ಹೊಗೆಯ ಮುಂದೆ ಇಟ್ಟು ಹೆಸರು ಹೇಳಿ ಓದುತ್ತಾರೆ. ಜಿಲಾನಿಯ ತಟ್ಟೆ ಚಾಪೆಗೆ ಬರುವುದಿಲ್ಲ. ಬದುಕಿರುವವನಿಗೆ ಫಾತೆಹಾ ಓದಿದರೆ ಕೇಡು. ಅದನ್ನು ಇಮಾಮಬಿ ಇನ್ನೊಂದು ತಟ್ಟೆ ಮುಚ್ಚಿ ಗೋಡೆಯ ಗೂಡಿನಲ್ಲಿ ಇಡುತ್ತಾಳೆ. ಮರುದಿನ ಬೆಳಿಗ್ಗೆ ಬಾಗಿಲಿಗೆ ಮೊದಲು ಬಂದವರು ಅದನ್ನು ಉಣ್ಣಬೇಕು. ಹಾಲಿನವನು ಉಂಡಿದ್ದಾನೆ, ಮೀಟರ್ ನೋಡುವವನು ಉಂಡಿದ್ದಾನೆ. ಅವರು ಉಣ್ಣುವ ತನಕ ಅವಳು ಹೊಸ್ತಿಲಲ್ಲಿ ಕೂತು ಮುಖ ನೋಡುತ್ತಾಳೆ. ಹುಚ್ಚು ಎಂದು ಯುನುಸ ಹರೆಯದಲ್ಲಿ ನಕ್ಕಿದ್ದ. ಅಪ್ಪ ತೀರಿದ ಮೇಲೆ ಓದುವ ಸರದಿ ಅವನದಾಯಿತು, ನಗು ನಿಂತಿತು. ದೇವರ ಮೇಲೆ ಅವನಿಗೆ ಅಂಥ ನಂಬಿಕೆಯೇನೂ ಇರಲಿಲ್ಲ, ಆ ತಟ್ಟೆಯ ಮೇಲಿತ್ತು.

ಹೊತ್ತು ಮುಳುಗುವ ಮುಂಚೆ ಓದಿ ಮುಗಿಸುವುದು ರೂಢಿ. ಯುನುಸ ಟೊಪ್ಪಿಗೆ ಹಾಕಿಕೊಂಡು, ಹೆಗಲ ಮೇಲಿನ ಶಾಲು ತೆಗೆಯದೆಯೇ ಕೂತ. ಯಾಸ್ಮೀನ ಕೆಂಡದ ಮೇಲೆ ಊದು ಉದುರಿಸಿದಳು. ಇಮಾಮಬಿ ಒಂದೊಂದೇ ತಟ್ಟೆ ತಂದಿಟ್ಟಳು. ಮಾವನದು, ಅತ್ತೆಯದು, ಮೈದುನನದು. ಆಮೇಲೆ ಮುಚ್ಚಿದ ತಟ್ಟೆ ಹಿಡಿದುಕೊಂಡು ಗೂಡಿನತ್ತ ಹೋದವಳು ಅರ್ಧಕ್ಕೇ ನಿಂತಳು. ತಿರುಗಿ ಬಂದು ಅದನ್ನು ಯುನುಸನ ಕೈಗೆ ಕೊಟ್ಟಳು.

“ಎಲ್ಲಿ ಇಡೂದು, ನೀನ ಇಡು.”

“ಬಡೇಮಾ?”

“ಮುಂಜಾನಿ ಅಷ್ಟ ಮಂದ್ಯಾಗ ಹೇಳಿದೆಲ್ಲ. ನೀ ಓದಿದಾವ. ನಿನಗ ಏನರ ಗೊತ್ತಾಗಿರತೈತಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕಾಲಿಗೆ ಬಿದ್ದು ಮುಗಿಸಿಬಿಡುತ್ತಿದ್ದ.

“ನನಗೇನೂ ಗೊತ್ತಿಲ್ಲ. ಬಾಯಿ ತಪ್ಪಿ ಬಂತು.”

“ಬರಲಿ ಬಿಡು.”

“ಗೂಡಿನ್ಯಾಗ ಇಡ್ತೇನಿ. ಯಾವಾಗಿನಂಗ.”

“ನನ್ನ ಸಲುವಾಗಿ ಇಡಬ್ಯಾಡೋ.” ಅವಳು ಅವನ ಎದುರಿಗೆ, ಚಾಪೆಯ ಆಚೆ, ಮೊಣಕಾಲು ಹಿಡಿದುಕೊಂಡು ನಿಧಾನಕ್ಕೆ ಕೂತಳು. “ಇಷ್ಟ ವರ್ಷ ನಾನ ಇಟ್ಟೆ. ಎತ್ತಿ ಇಡೂದಕ್ಕ ತೋಳ ಸೋತಾವ. ಇಳಸಂದ್ರೂ ಕೈ ಬರೂದಿಲ್ಲ. ನಾ ಹ್ವಾದ ಮ್ಯಾಲೆ ಹೆಂಗೂ ನೀನ ಇಡಾವ. ಇವತ್ತ ಇಡು, ನೋಡ್ತೇನಿ.”

ಯಾಸ್ಮೀನ ಕಣ್ಣೊರೆಸಿಕೊಂಡು ಒಳಗೆ ಹೋದಳು. ಯುನುಸ ಚಾಪೆಯತ್ತ ನೋಡಿದ. ಅಪ್ಪನ ತಟ್ಟೆಯ ಪಕ್ಕ ಒಂದು ತಟ್ಟೆಯಷ್ಟು ಜಾಗವಿತ್ತು. ಅವಳೇ ಬಿಟ್ಟಿದ್ದಳೋ, ತಾನಾಗಿ ಉಳಿದಿತ್ತೋ. ಗೋಡೆಯ ಗೂಡೂ ಖಾಲಿಯಿತ್ತು. ಪಟದವನು ನಗುತ್ತಿದ್ದ, ಇದು ತನಗೆ ಸಂಬಂಧಿಸಿದ್ದೇ ಅಲ್ಲವೆಂಬಂತೆ. ಇವಳ ಗಂಡನನ್ನು ಕೊಲ್ಲುವ ಕೆಲಸವನ್ನಾಗಲಿ, ಬದುಕಿಸಿಡುವ ಕೆಲಸವನ್ನಾಗಲಿ, ಇವಳ ಕಣ್ಣೆದುರಿಗೇ ತಾನು ಮಾಡಬೇಕು ಎಂಬುದು ಅವನಿಗೆ ಅರ್ಥವಾಯಿತು. ಕೈ ಕೆಳಗೆ ಬಾಗಿತು. ಮತ್ತೆ ಮೇಲೆದ್ದಿತು.

ರೈಲೊಂದು ಮನೆಯ ಹಿಂದೆ ಸದ್ದು ಮಾಡುತ್ತಾ ಹೋಯಿತು. ದೊಡ್ಡ ಸದ್ದು ಕೇಳಿದಾಗಲೆಲ್ಲ ಮಾಡುವಂತೆ ಇಮಾಮಬಿ ಒಮ್ಮೆ ಸೂರಿನತ್ತ ಕತ್ತೆತ್ತಿ ನೋಡಿದಳು, ಮತ್ತೆ ಅವನತ್ತ.

“ಅವಸರ ಏನಿಲ್ಲಪಾ,” ಎಂದಳು. “ಆರಾಮ ಇಡು.”

ಕೆಂಡ ಬೂದಿಯಾಗತೊಡಗಿತ್ತು. ಹಲ್ವಾ ಆರುತ್ತಿತ್ತು. ಮುಂಜಾನೆಯ ಶಾಲು ಅವನ ಹೆಗಲಿನಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಕೈ ಬಿಡುವಿರಲಿಲ್ಲ. ನೆಲಕ್ಕೂ ಗೂಡಿಗೂ ನಡುವೆ, ಅವನ ಚಾಚಿದ ಎರಡು ತೋಳುಗಳ ಮೇಲೆ, ಮುಚ್ಚಿದ ತಟ್ಟೆ ನಿಂತೇ ಇತ್ತು.